ಜುನೈದ್ ಅಲ್-ಮುರ್ರಿ, ಸಿಂಧ್ ಮತ್ತು ಖೊರಾಸಾನಿನ ಪ್ರಾಂತಾಧಿಪತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧ್ ಮೇಲಿನ ಅರಬ್ಬರ ದಾಳಿ ಎಂದೊಡನೆ ನಮ್ಮ ಪಠ್ಯಪುಸ್ತಕಗಳು ಮುಹಮ್ಮದ್ ಬಿನ್ ಕಾಸಿಮನ ಹೆಸರು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ. ಅವನ ನಂತರ ಅದೇ ಪ್ರಾಂತವನ್ನು ಆಳಿ, ಗುಜರಾತ್ ಮತ್ತು ಮಾಳವದವರೆಗೆ ದಂಡು ಕಳುಹಿಸಿ, ಬಳಿಕ ಮಧ್ಯ ಏಷ್ಯಾದ ಗಡಿಯಲ್ಲಿ ಉಮಯ್ಯದ್ ಸೈನ್ಯ ಕಂಡ ಅತಿ ದೊಡ್ಡ ಅನಾಹುತಗಳಲ್ಲೊಂದಕ್ಕೆ ಸೇನಾಪತಿಯಾಗಿದ್ದ ಜುನೈದನ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಒಬ್ಬನೇ ವ್ಯಕ್ತಿಯ ವೃತ್ತಿಜೀವನದಲ್ಲಿ ಖಿಲಾಫತ್ತಿನ ಆಡಳಿತ ಯಂತ್ರ ಇಷ್ಟು ಸ್ಪಷ್ಟವಾಗಿ ಕಾಣಿಸುವ ಉದಾಹರಣೆ ಅಪರೂಪವಾದ್ದರಿಂದ, ಅವನ ಕುರಿತು ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಲಾಗಿದೆ.

ಜುನೈದ್ ಯಾರು?

ಅವನ ಪೂರ್ಣ ಹೆಸರು ಜುನೈದ್ ಇಬ್ನ್ ಅಬ್ದುಲ್ ರಹಮಾನ್ ಅಲ್-ಮುರ್ರಿ. ಉತ್ತರ ಅರೇಬಿಯಾದ ಘತಫಾನ್ ಬಣಕ್ಕೆ ಸೇರಿದ ಮುರ್ರಾ ಕುಲದವನು. ಡಮಾಸ್ಕಸ್ಸಿನಿಂದ ಆಳುತ್ತಿದ್ದ ಉಮಯ್ಯದ್ ಖಲೀಫರ ಕೈಕೆಳಗೆ ಸುಮಾರು 723ರಿಂದ 726ರವರೆಗೆ ಸಿಂಧ್ ಪ್ರಾಂತವನ್ನೂ, 730ರ ಸುಮಾರಿನಿಂದ 734ರವರೆಗೆ ಖೊರಾಸಾನ್ ಪ್ರಾಂತವನ್ನೂ ಆಳಿದನು. ಖೊರಾಸಾನ್ ಎಂದರೆ ಇಂದಿನ ಈಶಾನ್ಯ ಇರಾನ್, ತುರ್ಕ್ಮೆನಿಸ್ತಾನ ಮತ್ತು ಉತ್ತರ ಅಫ್ಘಾನಿಸ್ತಾನದ ಭಾಗಗಳು. ಅಮು ದರ್ಯಾ ನದಿಯಾಚೆಯ ಬುಖಾರಾ ಮತ್ತು ಸಮರ್ಖಂಡ್ ನಗರಗಳೂ ಅದರ ಅಧಿಪತಿಯ ಹೊಣೆಯಲ್ಲಿದ್ದವು. ಅದರ ರಾಜಧಾನಿ ಮರ್ವ್. ಅಲ್ಲಿಯೇ ಅವನು 734ರ ಆರಂಭದಲ್ಲಿ ತೀರಿಕೊಂಡನು.

ಕಲಬುರಗಿಯ ಜುನೈದಿ ದರ್ಗಾಕ್ಕೂ ಇವನಿಗೂ ಸಂಬಂಧವಿದೆಯೇ?

ಇಲ್ಲ. ಕಲಬುರಗಿಯ ಶೇಖ್ ಸಿರಾಜುದ್ದೀನ್ ಜುನೈದಿ ಅವರ ಹೆಸರಿನಲ್ಲಿರುವ ‘ಜುನೈದಿ’ ಎಂಬುದು 910ರಲ್ಲಿ ತೀರಿಕೊಂಡ ಬಾಗ್ದಾದಿನ ಸೂಫಿ ಜುನೈದರ ಪರಂಪರೆಯನ್ನು ಸೂಚಿಸುತ್ತದೆ. ಈ ಬರಹದ ಜುನೈದ್ ಆ ಸೂಫಿಗಿಂತ ಒಂದೂಮುಕ್ಕಾಲು ಶತಮಾನದಷ್ಟು ಹಿಂದಿನವನು. ಹೆಸರು ಮಾತ್ರ ಒಂದೇ.

ಪ್ರಾಂತಾಧಿಪತಿಯ ಕೆಲಸವೇನಿತ್ತು? ಅವನು ಆಡಳಿತಗಾರನೋ ದಂಡನಾಯಕನೋ?

ಎರಡೂ ಆಗಿದ್ದನು, ಮತ್ತು ಆ ಕಾಲದಲ್ಲಿ ಇವೆರಡನ್ನೂ ಬೇರ್ಪಡಿಸಿ ಯಾರೂ ನೋಡುತ್ತಿರಲಿಲ್ಲ. ಅಮೀರ್ ಎನಿಸಿಕೊಂಡ ಪ್ರಾಂತಾಧಿಪತಿ ಶುಕ್ರವಾರದ ನಮಾಜಿಗೆ ಮುಂದಾಳಾಗುತ್ತಿದ್ದನು, ಯುದ್ಧಕ್ಕೆ ದಂಡು ಕೂಡಿಸುತ್ತಿದ್ದನು, ಕಂದಾಯ ಎತ್ತಿ ಅದರಿಂದಲೇ ಸೈನಿಕರಿಗೆ ವೇತನ ಕೊಡುತ್ತಿದ್ದನು, ಉಳಿದದ್ದನ್ನು ಮೇಲಕ್ಕೆ ಕಳುಹಿಸುತ್ತಿದ್ದನು. ವೇತನ ಪಡೆಯುವವರ ಹೆಸರುಗಳಿದ್ದ ದಫ್ತರಕ್ಕೆ ದೀವಾನ್ ಎಂದು ಹೆಸರು. ನಮ್ಮ ‘ದಿವಾನ’ ಎಂಬ ಮಾತಿನ ಹಿಂದಿರುವುದೂ ಇದೇ ಶಬ್ದ. ಸೈನ್ಯ ಕುಲಗಳ ಲೆಕ್ಕದಲ್ಲಿ ರಚನೆಯಾಗಿತ್ತು: ತಮೀಮ್, ಅಜ್ದ್, ರಬೀಆ ಮೊದಲಾದ ಪ್ರತಿಯೊಂದು ಬಣಕ್ಕೂ ತನ್ನದೇ ಬಾವುಟ, ತನ್ನದೇ ಮುಖಂಡರು, ತನ್ನದೇ ಹಳೆಯ ಹಗೆ. ಹೀಗಾಗಿ ಯಾವ ಊರಿಗೆ ಯಾವ ಕುಲದವನನ್ನು ಅಧಿಕಾರಿಯಾಗಿ ನೇಮಿಸಬೇಕು ಎಂಬ ಪ್ರಶ್ನೆಯೂ ಯುದ್ಧತಂತ್ರದಷ್ಟೇ ಸೂಕ್ಷ್ಮವಾಗಿತ್ತು. ಇಷ್ಟೆಲ್ಲ ಅಧಿಕಾರವಿದ್ದವನ ಹುದ್ದೆ ಒಂದೇ ಒಂದು ಪತ್ರದಿಂದ ಹೋಗಿಬಿಡಬಹುದಿತ್ತು.

ಸಿಂಧ್ ಪ್ರಾಂತ ಅವನ ಕೈಗೆ ಬಂದಾಗ ಅಲ್ಲಿನ ಸ್ಥಿತಿ ಹೇಗಿತ್ತು?

712ರಲ್ಲಿ ರಾಜಾ ದಾಹಿರನನ್ನು ಸೋಲಿಸಿದ ಮುಹಮ್ಮದ್ ಬಿನ್ ಕಾಸಿಮನನ್ನು 715ರ ಹೊತ್ತಿಗೆ ವಾಪಸ್ ಕರೆಸಿಕೊಂಡು ಸೆರೆಮನೆಯಲ್ಲಿ ಕೊಲ್ಲಲಾಗಿತ್ತು. ಆ ಬಳಿಕ ಸಿಂಧ್‌ನಲ್ಲಿ ಅರಬ್ಬರ ಹಿಡಿತ ಸಡಿಲವಾಗಿ, ಸ್ಥಳೀಯ ಅರಸರು ತಮ್ಮ ತಮ್ಮ ಜಾಗಗಳಿಗೆ ಮರಳಿದ್ದರು. 717ರಿಂದ 720ರವರೆಗೆ ಆಳಿದ ಖಲೀಫ ಎರಡನೆಯ ಉಮರ್ ಈ ಅರಸರಿಗೆ ಪತ್ರ ಬರೆದು, ಇಸ್ಲಾಮ್ ಸ್ವೀಕರಿಸಿದರೆ ಅವರವರ ರಾಜ್ಯವನ್ನು ಅವರಿಗೇ ಬಿಡುವುದಾಗಿ ತಿಳಿಸಿದ್ದನು. ದಾಹಿರನ ಮಗ ಜೈಸಿಂಹನು ಅದನ್ನು ಒಪ್ಪಿಕೊಂಡವರಲ್ಲಿ ಒಬ್ಬ. ಇರಾಕಿನ ಅಧಿಪತಿಯಾಗಿದ್ದ ಉಮರ್ ಇಬ್ನ್ ಹುಬೈರಾ ಜುನೈದನನ್ನು ಸಿಂಧ್ ಗಡಿಗೆ ನೇಮಿಸಿದ್ದು ಈ ಸಂದರ್ಭದಲ್ಲಿ; 724ರಲ್ಲಿ ಪಟ್ಟಕ್ಕೆ ಬಂದ ಖಲೀಫ ಹಿಶಾಮನು ಆ ನೇಮಕವನ್ನು ಮುಂದುವರಿಸಿದನು.

ಜೈಸಿಂಹನೊಂದಿಗೆ ನಡೆದದ್ದೇನು? ಅದು ವಿಶ್ವಾಸದ್ರೋಹವೇ?

ದೇಬಲ್ ಬಂದರಿನಿಂದ ಹೊರಟು ಸಿಂಧೂ ನದಿಯ ದಡಕ್ಕೆ ಬಂದ ಜುನೈದನನ್ನು ಜೈಸಿಂಹ ದಾಟಲು ಬಿಡಲಿಲ್ಲ. ಒಂಬತ್ತನೆಯ ಶತಮಾನದ ಇತಿಹಾಸಕಾರ ಬಲಾಧುರಿ ದಾಖಲಿಸಿರುವಂತೆ ಜೈಸಿಂಹನ ಸಂದೇಶದ ತಾತ್ಪರ್ಯ ಹೀಗಿತ್ತು: ತಾನು ಈಗಾಗಲೇ ಮುಸಲ್ಮಾನನಾಗಿದ್ದೇನೆ, ಒಬ್ಬ ಸಜ್ಜನ ಖಲೀಫ ಈ ನಾಡನ್ನು ತನಗೆ ಸ್ಥಿರಪಡಿಸಿದ್ದಾನೆ, ಆದರೆ ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ. ಇಬ್ಬರೂ ಪರಸ್ಪರ ಒತ್ತೆಯಾಳುಗಳನ್ನು ಕೊಟ್ಟುಕೊಂಡರು, ಕಂದಾಯದ ಮಾತೂ ಆಯಿತು. ಬಳಿಕ ಒತ್ತೆಗಳನ್ನು ಹಿಂದಿರುಗಿಸಲಾಯಿತು ಮತ್ತು ಒಪ್ಪಂದ ಮುರಿಯಿತು. ಮುರಿದವನು ಜೈಸಿಂಹನೆಂದು ಒಂದು ಪಾಠ ಹೇಳುತ್ತದೆ. ಜುನೈದನೇ ಕಾಲು ಕೆರೆದು ಜಗಳಕ್ಕೆ ಹೋದನೆಂದು ಇನ್ನೊಂದು ಪಾಠ ಹೇಳುತ್ತದೆ. ಎರಡು ಕಡೆಯವರೂ ದೋಣಿಗಳಲ್ಲಿ ಕಾದಿದರು. ಜೈಸಿಂಹನ ಹಡಗು ವಾಲಿ ಅವನು ಸೆರೆಸಿಕ್ಕಿದನು, ಜುನೈದ್ ಅವನನ್ನು ಕೊಲ್ಲಿಸಿದನು.

ಈ ಮೊದಲ ಘಟನೆಯ ಬಗ್ಗೆ ವಾದ ಮಾಡಬಹುದು, ಆದರೆ ಅದರ ಮುಂದಿನದರ ಬಗ್ಗೆ ವಾದಕ್ಕೆ ಎಡೆಯೇ ಇಲ್ಲ. ಜೈಸಿಂಹನ ಸಹೋದರನು ಇರಾಕಿಗೆ ಹೋಗಿ ಜುನೈದನ ಮೋಸದ ಬಗ್ಗೆ ದೂರು ಕೊಡಲು ಹೊರಟಾಗ, ಜುನೈದ್ ಅವನನ್ನು ಒಳ್ಳೆಯ ಮಾತುಗಳಿಂದ ಸಮಾಧಾನಪಡಿಸಿ, ಅವನು ಬಂದು ಕೈಗೆ ಕೈ ಕೊಟ್ಟ ಮೇಲೆ ಕೊಂದನು. ದೂರು ಹೇಳಲು ಹೊರಟವನನ್ನು ದಾರಿಯಲ್ಲೇ ಮುಗಿಸಿದ ಈ ಕೃತ್ಯವನ್ನು ಅರಬ್ ಇತಿಹಾಸಕಾರನೇ ಮುಚ್ಚಿಡದೆ ಬರೆದಿದ್ದಾನೆ ಎಂಬುದನ್ನು ಗಮನಿಸಬೇಕು.

ಸಿಂಧ್‌ನಿಂದ ಆಚೆಗೆ ಅವನ ದಂಡು ಎಲ್ಲೆಲ್ಲಿಗೆ ಹೋಯಿತು?

ಕೀರಜ್ ಎಂಬ ಕೋಟೆಯ ಜನ ಬಂಡೆದ್ದಾಗ ಅವನು ‘ಕಬ್ಶ್’ ಎಂದು ಕರೆಯುವ ಯಂತ್ರಗಳಿಂದ ಗೋಡೆ ಒಡೆಸಿ ಒಳನುಗ್ಗಿದನು. ಅರಬಿಯಲ್ಲಿ ಕಬ್ಶ್ ಎಂದರೆ ಟಗರು: ಟಗರು ಹಾಯುವಂತೆ ದಪ್ಪ ದೂಲವನ್ನು ಮತ್ತೆ ಮತ್ತೆ ಗುದ್ದಿಸಿ ಗೋಡೆ ಕೆಡಹುವ ಸಾಧನವದು. ಬಳಿಕ ಅವನ ಅಧಿಕಾರಿಗಳು ಭರೂಚ್‌ವರೆಗೆ ಹೋದರು. ಒಂದು ದಂಡು ಉಜ್ಜಯಿನಿಯ ಮೇಲೆ ಹೋಯಿತು. ಹಬೀಬ್ ಇಬ್ನ್ ಮುರ್ರಾ ಎಂಬವನ ನೇತೃತ್ವದಲ್ಲಿ ಇನ್ನೊಂದು ಮಾಳವಕ್ಕೆ ಹೋಯಿತು. ಬೈಲಮಾನ್ (ಇದನ್ನು ಸಾಮಾನ್ಯವಾಗಿ ಭಿಲ್ಲಮಾಲವೆಂದು ಗುರುತಿಸುತ್ತಾರೆ) ಮತ್ತು ಗುರ್ಜರ ನಾಡುಗಳನ್ನು ಗೆದ್ದನೆಂದು ಬಲಾಧುರಿ ಬರೆದಿದ್ದಾನೆ. ಇವನ್ನು ರಾಜ್ಯವಿಸ್ತಾರ ಎನ್ನುವುದಕ್ಕಿಂತ ಸುಲಿಗೆಯ ದಾಳಿ ಎನ್ನುವುದೇ ಸರಿ. ಊರುಗಳ ಹೊರವಲಯವನ್ನು ಸುಟ್ಟು, ಸಂಪತ್ತು ಮತ್ತು ಸೆರೆಯಾಳುಗಳನ್ನು ಹಿಡಿದುಕೊಂಡು ಹಿಂದಿರುಗುವುದಷ್ಟೇ ಅಲ್ಲಿ ನಡೆಯಿತು. ನೆಲೆ ನಿಲ್ಲುವ ಆಡಳಿತ ಬರಲಿಲ್ಲ. ಅವನ ನಂತರ ಬಂದ ತಮೀಮ್ ಇಬ್ನ್ ಜೈದ್ ಎಂಬವನ ಕಾಲದಲ್ಲಿ ಅರಬ್ಬರು ಈ ಹೊರನಾಡುಗಳನ್ನೆಲ್ಲ ಬಿಟ್ಟು ಹಿಂದೆ ಸರಿಯಬೇಕಾಯಿತು.

ಬಾದಾಮಿ ಚಾಲುಕ್ಯರು ತಡೆದದ್ದು ಜುನೈದನ ಸೈನ್ಯವನ್ನೇ?

ಕನ್ನಡ ಓದುಗರು ಸಹಜವಾಗಿಯೇ ಕೇಳುವ ಈ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಬೇಕು. ದಕ್ಷಿಣ ಗುಜರಾತಿನ ಲಾಟ ದೇಶದಲ್ಲಿ ಬಾದಾಮಿ ಚಾಲುಕ್ಯರ ಒಂದು ಶಾಖೆ ಆಳುತ್ತಿತ್ತು. ಆ ಶಾಖೆಯ ಅವನಿಜನಾಶ್ರಯ ಪುಲಕೇಶಿಯ ನವಸಾರಿ ತಾಮ್ರಪಟ (ಕಲಚುರಿ ವರ್ಷ 490, ಅಂದರೆ ಸುಮಾರು ಕ್ರಿ.ಶ. 739) ‘ತಾಜಿಕ’ ಸೈನ್ಯವೊಂದರ ವಿಷಯ ಹೇಳುತ್ತದೆ. ತಾಜಿಕರೆಂದರೆ ಅರಬ್ಬರು. ಸೈಂಧವ, ಕಚ್ಛೇಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ, ಗುರ್ಜರ ಅರಸರನ್ನು ಸೋಲಿಸಿ, ದಕ್ಷಿಣಾಪಥವನ್ನು ಹೊಗಬೇಕೆಂಬ ಆಸೆಯಿಂದ ಮೊದಲು ನವಸಾರಿಕೆಯನ್ನು ಗೆಲ್ಲಲು ಬಂದ ಆ ಸೈನ್ಯವನ್ನು ಪುಲಕೇಶಿ ಹಿಮ್ಮೆಟ್ಟಿಸಿದನೆಂದೂ, ಅದಕ್ಕಾಗಿ ವಲ್ಲಭ ನರೇಂದ್ರನು ಅವನಿಗೆ ‘ದಕ್ಷಿಣಾಪಥಸಾಧಾರ’, ‘ಚಲುಕ್ಕಿಕುಲಾಲಂಕಾರ’, ‘ಪೃಥ್ವೀವಲ್ಲಭ’, ‘ಅನಿವರ್ತಕನಿವರ್ತಯಿತೃ’ ಎಂಬ ಬಿರುದುಗಳನ್ನು ಕೊಟ್ಟನೆಂದೂ ಅದರಲ್ಲಿದೆ. ಕೊನೆಯ ಬಿರುದಿನ ಅರ್ಥ, ಹಿಂದೆ ಸರಿಯದವರನ್ನು ಹಿಂದೆ ಸರಿಸಿದವನು ಎಂದು. ಈ ವಲ್ಲಭ ನರೇಂದ್ರನೇ ಇಮ್ಮಡಿ ವಿಕ್ರಮಾದಿತ್ಯ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದ ಲೋಕಮಹಾದೇವಿಯ ಪತಿ.

ಆದರೆ ಈ ಕಾಳಗ ನಡೆದದ್ದು 730ರ ದಶಕದಲ್ಲಿ. ಅಷ್ಟು ಹೊತ್ತಿಗೆ ಜುನೈದ್ ಸಿಂಧ್ ಬಿಟ್ಟು ಬಹಳ ಕಾಲವಾಗಿತ್ತು. ಇಮ್ಮಡಿ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ ಸುಮಾರಿಗೇ ಅವನು ಮರ್ವ್‌ನಲ್ಲಿ ಸತ್ತೂ ಹೋದನು. ಆದ್ದರಿಂದ ಪುಲಕೇಶಿ ಎದುರಿಸಿದ್ದು ಸಿಂಧ್‌ನ ನಂತರದ ಅಧಿಪತಿಗಳು ಕಳುಹಿಸಿದ ಸೈನ್ಯವನ್ನು. ಹಾಗಿದ್ದರೂ ತಾಮ್ರಪಟ ಹೆಸರಿಸುವ ನಾಡುಗಳ ದಾರಿಯನ್ನು ಮೊದಲು ತುಳಿದವರಲ್ಲಿ ಜುನೈದನ ದಂಡುಗಳೂ ಇದ್ದವು ಎನ್ನುವುದು ನಿಜ. ನಮ್ಮ ಅರಸರ ಗೆಲುವು ಅದರಷ್ಟಕ್ಕೇ ದೊಡ್ಡದು. ಅದನ್ನು ತಪ್ಪು ಹೆಸರಿಗೆ ಜೋಡಿಸುವ ಅಗತ್ಯವಿಲ್ಲ.

ಅವನಿಗೆ ಖೊರಾಸಾನ್ ಸಿಕ್ಕಿದ್ದು ಯುದ್ಧದ ಯೋಗ್ಯತೆಯಿಂದಲೇ?

ಹಾಗೆಂದು ಹೇಳುವುದು ಕಷ್ಟ. ಸಿಂಧ್ ಅವನನ್ನು ಸಿರಿವಂತನನ್ನಾಗಿ ಮಾಡಿತ್ತು. ಬಂದವರಿಗೆಲ್ಲ ಕೊಟ್ಟದ್ದನ್ನು ಬಿಟ್ಟು ಅವನ ಮನೆಯಲ್ಲಿ ನಾಲ್ಕು ಕೋಟಿ ದಿರ್ಹಮ್ ಇತ್ತು, ಅಷ್ಟೇ ಮೊತ್ತವನ್ನು ಮೇಲಕ್ಕೂ ಕಳುಹಿಸಿದ್ದನು ಎಂದು ಬಲಾಧುರಿ ಬರೆಯುತ್ತಾನೆ. ಅಂಕಿಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅವನ ಹೆಸರಿನ ಜೊತೆ ಧಾರಾಳತನ ಅಂಟಿಕೊಂಡದ್ದು ಹೀಗೆಯೇ. ಖೊರಾಸಾನಿನ ನೇಮಕದ ಬಗ್ಗೆ ಇತಿಹಾಸಕಾರ ತಬರಿ ಹೇಳುವ ಕಥೆ ಇನ್ನೂ ನೇರವಾಗಿದೆ. ಜುನೈದ್ ಖಲೀಫ ಹಿಶಾಮನ ಪತ್ನಿ ಉಮ್ಮ್ ಹಕೀಮಳಿಗೆ ರತ್ನದ ಹಾರವೊಂದನ್ನು ಕಾಣಿಕೆಯಾಗಿ ಕೊಟ್ಟನು, ಹಿಶಾಮನು ಅದನ್ನು ಮೆಚ್ಚಿದ್ದು ತಿಳಿದು ಅವನಿಗೂ ಇನ್ನೊಂದು ಹಾರ ಕೊಟ್ಟನು, ಖೊರಾಸಾನ್ ಅವನದಾಯಿತು. ಪ್ರಯಾಣಕ್ಕೆ ಖಲೀಫ ಕೊಟ್ಟದ್ದು ಅಂಚೆಯ ಎಂಟು ಸವಾರಿ ಪ್ರಾಣಿಗಳು. ಹೆಚ್ಚು ಕೇಳಿದರೂ ಕೊಡಲಿಲ್ಲ.

ಖೊರಾಸಾನಿನಲ್ಲಿ ಅವನನ್ನು ಎದುರುಗೊಂಡ ಸಮಸ್ಯೆ ಯಾವುದು?

ಅವನ ಹಿಂದಿನ ಅಧಿಪತಿ ಅಶ್ರಸ್ ಎಂಬವನು, ಇಸ್ಲಾಮ್ ಸ್ವೀಕರಿಸಿದ ಸೊಗ್ದಿಯಾದ (ಬುಖಾರಾ, ಸಮರ್ಖಂಡ್‌ಗಳಿದ್ದ ನಾಡಿನ) ಜನರಿಗೆ ತಲೆಗಂದಾಯ ಮಾಫಿ ಎಂದು ಸಾರಿಸಿ, ಜನ ಗುಂಪು ಗುಂಪಾಗಿ ಮತಾಂತರವಾಗಿ ಕಂದಾಯ ಕುಸಿದಾಗ ಕೊಟ್ಟ ಮಾತನ್ನು ತಪ್ಪಿ ಮತ್ತೆ ಅದೇ ತೆರಿಗೆಯನ್ನು ವಸೂಲಿಗಿಟ್ಟನು. 728ರಲ್ಲಿ ಇಡೀ ನಾಡು ಬಂಡೆದ್ದು ತುರ್ಗೇಶ್ ತುರ್ಕರ ಖಾಗಾನ್ (ದೊರೆ) ಸುಲುವಿನ ನೆರವು ಕೇಳಿತು. ಜುನೈದ್ ಬಂದಾಗ ಅಶ್ರಸನು ಬುಖಾರಾದ ಕಡೆ ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದನು. ಮರ್ವ್‌ನಲ್ಲೇ ನಿಂತು ಪತ್ರ ಬರೆದು ಸೈನ್ಯ ತರಿಸಿಕೊಳ್ಳುವಂತೆ ಅಲ್ಲಿದ್ದವರು ಹೇಳಿದರೂ ಕೇಳದೆ ಅವನು ಅಮು ದರ್ಯಾ ನದಿ ದಾಟಿ ಹೋಗಿ ಅಶ್ರಸನನ್ನು ಕೂಡಿಕೊಂಡನು; ದಾರಿಯಲ್ಲಿ ಸ್ವಲ್ಪದರಲ್ಲೇ ನಾಶದಿಂದ ಪಾರಾದರೂ ಕೊನೆಗೆ ಖಾಗಾನನ ಸಂಬಂಧಿಯೊಬ್ಬನನ್ನು ಸೆರೆಹಿಡಿದು ಖಲೀಫನಿಗೆ ಕಳುಹಿಸಿದನು. ಆ ಮೊದಲ ಗೆಲುವು ಅವನಿಗೆ ಅಗತ್ಯಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿತೆಂದು ನನಗೆ ಅನಿಸುತ್ತದೆ.

ನೇಮಕಗಳಲ್ಲಿ ಅವನು ತನ್ನ ಬಣವನ್ನು ಬಿಟ್ಟುಕೊಡಲಿಲ್ಲ. ಬುಖಾರಾ, ಬಲ್ಖ್, ಹೆರಾತ್ ಎಲ್ಲ ಕಡೆಯೂ ಮುದರ್ ಬಣದವರೇ (ಘತಫಾನ್ ಕೂಡ ಈ ದೊಡ್ಡ ಬಣದೊಳಗಿನದು) ಅಧಿಕಾರಿಗಳಾದರು. ಆದರೆ ಒಂದು ಪ್ರಸಂಗ ಅವನ ಇನ್ನೊಂದು ಮುಖ ತೋರಿಸುತ್ತದೆ. ಬಲ್ಖ್‌ನ ಅಧಿಕಾರಿ ಹಳೆಯ ವೈಷಮ್ಯದಿಂದ ನಸ್ರ್ ಇಬ್ನ್ ಸಯ್ಯಾರ್ ಎಂಬ ಹಿರಿಯನನ್ನು ಹಿಡಿಸಿದಾಗ, ಹೋದವರು ಮಲಗಿದ್ದವನನ್ನು ಎಬ್ಬಿಸಿ, ಮೈಮೇಲೆ ಅಂಗಿಯೊಂದೇ ಇದ್ದ ಹಾಗೆಯೇ, ಇಜಾರವಿಲ್ಲದೆ ಎಳೆದು ತಂದರು. ಮುದರ್ ಬಣದ ಹಿರಿಯನೊಬ್ಬನನ್ನು ಈ ಸ್ಥಿತಿಯಲ್ಲಿ ತರುವುದೇ ಎಂದು ಸಿಟ್ಟಾದ ಜುನೈದ್ ಆ ಅಧಿಕಾರಿಯನ್ನೇ ಹುದ್ದೆಯಿಂದ ತೆಗೆದನು. ಇದೇ ನಸ್ರ್ ಮುಂದೆ 738ರಿಂದ ಖೊರಾಸಾನಿನ ಕೊನೆಯ ಉಮಯ್ಯದ್ ಅಧಿಪತಿಯಾದನು.

731ರ ಕಣಿವೆಯ ಕಾಳಗದಲ್ಲಿ ನಿಜವಾಗಿ ಏನಾಯಿತು?

ಸಮರ್ಖಂಡ್‌ನಲ್ಲಿ 12,000 ಸೈನಿಕರೊಂದಿಗೆ ಸವ್ರಾ ಇಬ್ನ್ ಅಲ್-ಹುರ್ ಎಂಬ ತಮೀಮ್ ಕುಲದ ಅಧಿಕಾರಿ ಇದ್ದನು. ಖಾಗಾನ್ ತನ್ನ ಮೇಲೆ ಬರುತ್ತಿದ್ದಾನೆ, ತಡೆಯಲು ತನ್ನಿಂದ ಸಾಧ್ಯವಿಲ್ಲ ಎಂದು ಅವನು ಪತ್ರ ಬರೆದಾಗ ಜುನೈದನ ಸೈನ್ಯ ಕೈಯಲ್ಲಿರಲಿಲ್ಲ: 18,000 ಮಂದಿ ಒಂದು ಕಡೆಗೆ, 10,000 ಮಂದಿ ಇನ್ನೊಂದು ಕಡೆಗೆ ಬಲ್ಖ್ ಸುತ್ತಲಿನ ತುಖಾರಿಸ್ತಾನದ ದಿಕ್ಕಿನಲ್ಲಿ ಹೋಗಿದ್ದರು. ಖೊರಾಸಾನಿನ ಯಾವ ಅಧಿಪತಿಯೂ 50,000ಕ್ಕಿಂತ ಕಡಿಮೆ ಸೈನ್ಯದೊಂದಿಗೆ ನದಿ ದಾಟಬಾರದು ಎಂದು ಮುಜಶ್ಶಿರ್ ಎಂಬ ಅನುಭವಿ ಬುದ್ಧಿ ಹೇಳಿದನು. ಸವ್ರಾನನ್ನು ಕೈಬಿಟ್ಟು ಕುಳಿತರೆ ತನ್ನ ಮಾನವೇನಾಗಬೇಕು ಎಂದು ಜುನೈದ್ ದಾಟಿಬಿಟ್ಟನು.

ಕಿಶ್ ಊರಿಗೆ ಬಂದಾಗ ಎರಡು ದಾರಿಗಳಿದ್ದವು. ಒಂದು ಬಯಲಿನ ದಾರಿ, ಆದರೆ ಅಲ್ಲಿ ಆಳೆತ್ತರದ ಒಣಹುಲ್ಲು. ಶತ್ರು ಬೆಂಕಿ ಇಟ್ಟರೆ ಎಲ್ಲರೂ ಬೇಯಬೇಕು. ಇನ್ನೊಂದು ಇಂದಿನ ಉಜ್ಬೇಕಿಸ್ತಾನದ ತಖ್ತಾಕರಾಚಾ ಘಾಟಿ. ಬೆಂಕಿಯಲ್ಲಿ ಸಾಯುವುದಕ್ಕಿಂತ ಕತ್ತಿಯಿಂದ ಸಾಯುವುದು ಲೇಸು ಎಂಬ ಮುಜಶ್ಶಿರನ ಮಾತಿನಂತೆ ಘಾಟಿಯ ದಾರಿ ಹಿಡಿದರು. ಸಮರ್ಖಂಡ್ ಇನ್ನು ನಾಲ್ಕು ಫರ್ಸಖ್, ಅಂದರೆ ಸುಮಾರು 24 ಕಿಲೋಮೀಟರ್ ಇರುವಾಗ ಖಾಗಾನನ ಸೈನ್ಯ ಮೇಲೆ ಬಿತ್ತು. ಸೊಗ್ದಿಯಾ, ಶಾಶ್ (ಇಂದಿನ ತಾಷ್ಕೆಂಟ್) ಮತ್ತು ಫರ್ಘಾನಾದವರೂ ಅವನ ಜೊತೆಗಿದ್ದರು.

ಬಲಪಕ್ಕದಲ್ಲಿ ನಿಂತಿದ್ದ ಅಜ್ದ್ ಕುಲದವರ ಮೇಲೆ ಹೊಡೆತ ಹೆಚ್ಚಾದಾಗ ಜುನೈದ್ ಅವರ ಬಾವುಟದ ಕೆಳಗೆ ಬಂದು ನಿಂತನು. ಆಗ ಬಾವುಟ ಹಿಡಿದವನು ಆಡಿದ ಮಾತು ದಾಖಲಾಗಿದೆ: ನಮ್ಮನ್ನು ಗೌರವಿಸಲೆಂದು ನೀನು ಬಂದಿಲ್ಲ, ನಮ್ಮಲ್ಲೊಬ್ಬ ಬದುಕಿರುವ ತನಕ ಯಾರೂ ನಿನ್ನನ್ನು ಮುಟ್ಟಲಾರರೆಂದು ತಿಳಿದು ಬಂದಿದ್ದೀಯೆ, ಗೆದ್ದರೆ ಗೆಲುವು ನಿನ್ನದು, ಸತ್ತರೆ ನಮಗಾಗಿ ನೀನು ಅಳುವವನಲ್ಲ. ಹೀಗೆ ಹೇಳಿ ಮುಂದೆ ನುಗ್ಗಿ ಅವನು ಸತ್ತನು. ಒಬ್ಬರಾದ ಮೇಲೊಬ್ಬರಂತೆ ಆ ಬಾವುಟ ಹಿಡಿದ 18 ಮಂದಿ ಅಲ್ಲಿಯೇ ಬಿದ್ದರು. ಕತ್ತಿಗಳು ಮೊಂಡಾಗಿ ಕಡಿಯದಂತಾದಾಗ ಅವರ ಗುಲಾಮರು ಮರ ಕಡಿದು ದೊಣ್ಣೆ ಮಾಡಿಕೊಂಡು ಕಾದಿದರು. ಕೊನೆಗೆ ಸೈನ್ಯ ಕುದುರೆಯಿಂದಿಳಿದು ಕಂದಕ ತೋಡಿ ಕುಳಿತುಕೊಂಡಿತು.

ಹಾಗಾದರೆ ಸವ್ರಾ ಸತ್ತದ್ದು ಯಾರ ತಪ್ಪಿನಿಂದ?

ಜುನೈದನ ಇಡೀ ಬದುಕನ್ನು ಅಳೆಯಲು ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಕಂದಕದಲ್ಲಿ ಸಿಕ್ಕಿಕೊಂಡಿದ್ದ ಅವನಿಗೆ ಉಬೈದುಲ್ಲಾ ಇಬ್ನ್ ಹಬೀಬ್ ಎಂಬವನು, ನೀನು ಸಾಯಬೇಕು ಇಲ್ಲವೇ ಸವ್ರಾ ಸಾಯಬೇಕು, ಆರಿಸಿಕೋ ಎಂದನು. ಸವ್ರಾನ ಸಾವು ತನಗೆ ಹಗುರ ಎಂದು ಜುನೈದ್ ಉತ್ತರಿಸಿದನು. ನಗರದಿಂದ ಹೊರಟು ಬಾ ಎಂಬ ಆಜ್ಞೆ ಹೋಯಿತು; ಅಂದರೆ, ಯಾರನ್ನು ಕಾಪಾಡಲೆಂದು ನದಿ ದಾಟಿದ್ದನೋ ಅವನನ್ನೇ ತನ್ನನ್ನು ಕಾಪಾಡಲು ಕರೆದನು. ಸವ್ರಾ ಮೊದಲು ಒಪ್ಪಲಿಲ್ಲ. ಎರಡನೆಯ ಪತ್ರದಲ್ಲಿ ಜುನೈದ್ ತಾಯಿಯ ಹೆಸರೆತ್ತಿ ಬೈದು, ಬಾರದಿದ್ದರೆ ಸವ್ರಾನ ಬದ್ಧವೈರಿಯನ್ನೇ ಅವನ ಮೇಲೆ ಅಧಿಕಾರಿಯಾಗಿ ಕಳುಹಿಸುವುದಾಗಿ ಬೆದರಿಸಿದನು. ಜೊತೆಗೆ ಒಂದು ಸೂಚನೆಯೂ ಇತ್ತು: ನದಿಯ ದಡ ಹಿಡಿದೇ ಬಾ, ನೀರು ಬಿಡಬೇಡ.

ದಡ ಹಿಡಿದು ಹೋದರೆ ಎರಡು ದಿನ ಬೇಕು, ಬೆಟ್ಟದ ಮೇಲೆ ಹೋದರೆ ಬೆಳಗಾಗುವಷ್ಟರಲ್ಲಿ ಮುಟ್ಟಬಹುದು ಎಂದು ಲೆಕ್ಕ ಹಾಕಿದ ಸವ್ರಾ, ಸ್ಥಳೀಯನೊಬ್ಬನನ್ನು ದಾರಿತೋರಿಸಲು ಕರೆದುಕೊಂಡು 12,000 ಮಂದಿಯೊಂದಿಗೆ ಬೆಟ್ಟ ಹತ್ತಿದನು. ಜುನೈದನಿಂದ ಕೇವಲ ಒಂದು ಫರ್ಸಖ್ ದೂರದಲ್ಲಿ, ರಾತ್ರಿಯೆಲ್ಲ ನಡೆದು ಬಳಲಿ ಬಾಯಾರಿದ್ದ ಈ ದಂಡನ್ನು ತುರ್ಗೇಶರು ತಡೆದರು. ಸಮರ್ಖಂಡ್‌ನ ಹಳೆಯ ಅರಸ ಘೂರಕನ ಸಲಹೆಯಂತೆ ಒಣಹುಲ್ಲಿಗೆ ಬೆಂಕಿ ಹಚ್ಚಿ, ನೀರಿಗೂ ಇವರಿಗೂ ನಡುವೆ ಅಡ್ಡ ನಿಂತರು. ಬೇರೆ ದಾರಿಯಿಲ್ಲದೆ ಸವ್ರಾ ನೇರವಾಗಿ ಏರಿಹೋದನು. ಧೂಳು ಮತ್ತು ಹೊಗೆಯಲ್ಲಿ ಕಣ್ಣು ಕಾಣದೆ ಅರಬ್ಬರೂ ತುರ್ಕರೂ ಒಟ್ಟಿಗೇ ಹಿಂದಿನ ಬೆಂಕಿಗೆ ಬಿದ್ದರು; ಸವ್ರಾ ಬಿದ್ದು ತೊಡೆಯ ಮೂಳೆ ಮುರಿದುಕೊಂಡನು ಮತ್ತು ಅಲ್ಲಿಯೇ ಸತ್ತನು. ಉಳಿದವರು ಸಾವಿರದಷ್ಟು ಮಂದಿ ಮಾತ್ರ.

ಸವ್ರಾ ನೀರು ಬಿಟ್ಟದ್ದು ತಪ್ಪು ನಿರ್ಧಾರ, ಅದರಲ್ಲಿ ಸಂಶಯವಿಲ್ಲ. ಆದರೆ ಬೈದು ಬೆದರಿಸಿ ಆತುರಪಡಿಸಿದವನ ಕಡೆಗೆ ಆತುರದಿಂದ ಹೋದದ್ದು ಅವನ ಅಪರಾಧವೇ? ಜುನೈದ್ ಮಾತ್ರ ಖಲೀಫನಿಗೆ ಬರೆದ ವರದಿಯಲ್ಲಿ, ಸವ್ರಾ ನನ್ನ ಮಾತು ಮೀರಿದ, ನೀರಿನ ದಡ ಬಿಡಬೇಡವೆಂದರೂ ಬಿಟ್ಟ ಎಂದಷ್ಟೇ ಹೇಳಿದನು. ಅದರಲ್ಲಿ ಸುಳ್ಳಿಲ್ಲ, ಆದರೆ ಉಬೈದುಲ್ಲಾ ಕೊಟ್ಟ ಆಯ್ಕೆಯ ಮಾತೂ ಇಲ್ಲ. ಹೊಣೆಯ ದೊಡ್ಡ ಪಾಲು ಸೇನೆಯನ್ನು ಹಂಚಿ ಹಾಕಿದ ಮೇಲೆ ನದಿ ದಾಟಿದವನದೇ ಎಂಬುದು ನನ್ನ ಅಭಿಪ್ರಾಯ.

ಜುನೈದ್ ಪಾರಾದದ್ದು ಹೇಗೆ?

ಖಾಗಾನನ ಗಮನ ಸವ್ರಾನ ಕಡೆಗೆ ತಿರುಗಿದಾಗ ಅವನು ಕಣಿವೆಯಿಂದ ಹೊರಬಂದು ಸಮರ್ಖಂಡ್ ಕಡೆಗೆ ಹೊರಟನು. ಮುಜಶ್ಶಿರ್ ಅವನ ಕುದುರೆಯನ್ನು ತಡೆದು ಇಳಿದು ಬೀಡು ಬಿಡಿಸಿದ್ದರಿಂದ ಮರುದಾಳಿಯಲ್ಲಿ ಸೈನ್ಯ ಬಯಲಲ್ಲಿ ಸಿಕ್ಕಿಬೀಳುವುದು ತಪ್ಪಿತು. ಕಾದಾಡುವ ಗುಲಾಮರಿಗೆ ಬಿಡುಗಡೆ ಎಂದು ಜುನೈದ್ ಸಾರಿಸಿದನು. ಜೀನಿನ ಕೆಳಗೆ ಹಾಸುವ ಕಂಬಳಿಯನ್ನು ನಡುವೆ ತೂತು ಮಾಡಿ ಕವಚದಂತೆ ಕೊರಳಿಗೆ ಹಾಕಿಕೊಂಡು ಅವರು ಹೋರಾಡಿದ ರೀತಿಗೆ ಸೈನ್ಯವೇ ಬೆರಗಾಯಿತು. ನಗರ ಕೈ ಸೇರಿತು.

ಕೆಲವು ತಿಂಗಳ ನಂತರ ಖಾಗಾನ್ ಬುಖಾರಾದ ಮೇಲೆ ಹೋದಾಗ, ಸಮರ್ಖಂಡ್‌ನಲ್ಲಿ 400 ಕುದುರೆಯಾಳು ಮತ್ತು 400 ಕಾಲಾಳುಗಳನ್ನು ಮಾತ್ರ ಬಿಟ್ಟು, ಸವ್ರಾನೊಂದಿಗೆ ಸತ್ತವರ ಹೆಂಡತಿ ಮಕ್ಕಳನ್ನು ಜೊತೆಗೆ ಕರೆದುಕೊಂಡು ಜುನೈದ್ ಹೊರಟನು. ಈ ಪಯಣದಲ್ಲಿ ಅವನು ಬುದ್ಧಿ ಹೇಳುವವರ ಮಾತು ಕೇಳಿದನು: ತಂಗಿದಲ್ಲೆಲ್ಲ ಕಂದಕ ತೋಡು, ನದಿಯ ಪಕ್ಕದಲ್ಲೇ ನಡೆದರೂ ನೀರು ಹೊತ್ತುಕೊಂಡೇ ನಡೆ. ದಾರಿಯಲ್ಲಿ ಎರಡು ಕಡೆ ಕಾದಾಡಿ ಬುಖಾರಾ ಮುಟ್ಟಿದನು. ಕಣಿವೆಯಲ್ಲಿ ಇದೇ ತಾಳ್ಮೆ ಇದ್ದಿದ್ದರೆ ಎಂದು ಓದುವಾಗ ಮನಸ್ಸು ಮರುಗುತ್ತದೆ.

ಖಲೀಫ ಹಿಶಾಮ್ ಇದನ್ನು ಹೇಗೆ ತೆಗೆದುಕೊಂಡನು?

ಅದಕ್ಕೆ ಕೆಲವೇ ತಿಂಗಳ ಮೊದಲು, 730ರ ಡಿಸೆಂಬರಿನಲ್ಲಿ, ಕಾಕಸಸ್ ಗಡಿಯ ಸೇನಾಪತಿ ಜರ್ರಾಹ್ ಅರ್ದಬಿಲ್ ಬಳಿ ಖಜಾರರ ಕೈಯಲ್ಲಿ ಸೈನ್ಯ ಸಮೇತ ನಾಶವಾಗಿದ್ದನು. ಅಲ್ಲಿ ಜರ್ರಾಹ್, ಇಲ್ಲಿ ಸವ್ರಾ ಎಂದು ಹಿಶಾಮ್ ದುಃಖಪಟ್ಟನಂತೆ. ಜುನೈದನನ್ನು ಆಗ ತೆಗೆಯಲಿಲ್ಲ. ಬದಲಿಗೆ ಬಸ್ರಾದಿಂದ 10,000, ಕೂಫಾದಿಂದ 10,000 ಸೈನಿಕರನ್ನೂ, 30,000 ಈಟಿ ಮತ್ತು 30,000 ಗುರಾಣಿಗಳನ್ನೂ ಕಳುಹಿಸಿ, ಇನ್ನೂ 15,000 ಮಂದಿಯನ್ನು ದೀವಾನ್‌ಗೆ ಸೇರಿಸಿಕೊಳ್ಳಲು ಅಪ್ಪಣೆ ಕೊಟ್ಟನು. ಖೊರಾಸಾನಿನ ಸೈನ್ಯ ಎಷ್ಟು ಕರಗಿತ್ತೆಂಬುದನ್ನು ಈ ಪಟ್ಟಿಯೇ ಹೇಳುತ್ತದೆ.

ಆಡಳಿತಗಾರನಾಗಿ ಅವನು ಹೇಗಿದ್ದನು?

733ರಲ್ಲಿ ಖೊರಾಸಾನಿಗೆ ಬರ ಬಂದಾಗ ಸುತ್ತಲ ಜಿಲ್ಲೆಗಳಿಂದ ಮರ್ವ್‌ಗೆ ಧಾನ್ಯ ತರಿಸುವಂತೆ ಆಜ್ಞೆ ಮಾಡಿದನು. ಒಬ್ಬನಿಗೆ ಒಂದು ದಿರ್ಹಮ್ ಕೊಟ್ಟಾಗ ಅವನು ಅದರಲ್ಲಿ ಒಂದೇ ಒಂದು ರೊಟ್ಟಿ ಕೊಂಡು ತಂದನು. ಅದನ್ನು ನೋಡಿ ಜುನೈದ್, ದಿರ್ಹಮಿಗೆ ಒಂದು ರೊಟ್ಟಿ ಸಿಗುವಾಗ ಹಸಿವೆಂದು ದೂರುತ್ತೀರಾ, ಹಿಂದ್ ದೇಶದಲ್ಲಿ ಕಾಳನ್ನು ಎಣಿಸಿ ದಿರ್ಹಮಿಗೆ ಮಾರುತ್ತಿದ್ದುದನ್ನು ನಾನು ಕಂಡಿದ್ದೇನೆ ಎಂದನಂತೆ. ಸಿಂಧ್‌ನ ನೆನಪು ಅವನ ಮಾತಿನಲ್ಲಿ ಉಳಿದಿತ್ತು ಎಂಬುದಕ್ಕೆ ಇದು ಸಾಕ್ಷಿ. ಹಿಂದ್‌ನ ಆ ಬರಗಾಲದ ನಡುವೆಯೇ ಅವನ ದಂಡುಗಳು ಸುಲಿಗೆ ಮಾಡುತ್ತಿದ್ದವೆಂದು ಊಹಿಸಿದರೆ ಈ ಮಾತು ಬೇರೆಯದೇ ರೀತಿಯಲ್ಲಿ ಕೇಳಿಸುತ್ತದೆ. ಅಬ್ಬಾಸೀ ವಂಶದ ಪರವಾಗಿ ಗುಟ್ಟಾಗಿ ಪ್ರಚಾರ ಮಾಡುತ್ತಿದ್ದವರಲ್ಲಿ ಒಬ್ಬನನ್ನು ಹಿಡಿದು ಕೊಲ್ಲಿಸಿದ್ದೂ ಇವನ ಕಾಲದಲ್ಲೇ. ಆ ಪ್ರಚಾರವೇ 747ರಲ್ಲಿ ಮರ್ವ್ ಸುತ್ತಲ ಹಳ್ಳಿಗಳಲ್ಲಿ ಬಂಡಾಯವಾಗಿ ಎದ್ದು ಉಮಯ್ಯದ್ ಆಳ್ವಿಕೆಯನ್ನು ಕೊನೆಗಾಣಿಸಿತು.

ಅವನ ಪದಚ್ಯುತಿಗೆ ಕಾರಣ ಸೋಲೇ?

ಅಲ್ಲ, ಮದುವೆ. ಜುನೈದ್ ಯಜೀದ್ ಇಬ್ನ್ ಅಲ್-ಮುಹಲ್ಲಬ್‌ನ ಮಗಳು ಫಾದಿಲಾಳನ್ನು ಮದುವೆಯಾದ ಸುದ್ದಿ ಹಿಶಾಮನಿಗೆ ಮುಟ್ಟಿತು. ಆ ಯಜೀದ್ ಹಿಂದೆ ಖೊರಾಸಾನಿನ ಅಧಿಪತಿಯಾಗಿದ್ದು, 720ರಲ್ಲಿ ಉಮಯ್ಯದರ ವಿರುದ್ಧ ಬಂಡೆದ್ದು ಹತನಾದವನು. ಅಂಥ ಮನೆಯೊಂದಿಗೆ ನಂಟು ಬೆಳೆಸಿದವನ ಮೇಲೆ ಖಲೀಫ ಕೆರಳಿ, ಆಸಿಮ್ ಎಂಬವನನ್ನು ಹೊಸ ಅಧಿಪತಿಯಾಗಿ ಕಳುಹಿಸುವಾಗ, ಜುನೈದನಲ್ಲಿ ಇನ್ನೂ ಉಸಿರಿದ್ದರೆ ಆ ಉಸಿರು ನಿಲ್ಲಿಸು ಎಂದು ಹೇಳಿ ಕಳುಹಿಸಿದನು. ಹೊಟ್ಟೆಯಲ್ಲಿ ನೀರು ತುಂಬುವ ಮಹೋದರ ರೋಗದಿಂದ ನರಳುತ್ತಿದ್ದ ಜುನೈದ್, ಆಸಿಮ್ ಬಂದು ಮುಟ್ಟುವ ಮೊದಲೇ ತೀರಿಕೊಂಡನು. ಆಸಿಮನ ಕೋಪ ಜುನೈದನ ಸೋದರಸಂಬಂಧಿ ಉಮಾರಾ ಮತ್ತು ಇತರ ಅಧಿಕಾರಿಗಳ ಮೇಲೆ ತಿರುಗಿತು. ಅವರನ್ನು ಸೆರೆಯಲ್ಲಿಟ್ಟು ಹಿಂಸಿಸಲಾಯಿತು.

ಹನ್ನೆರಡು ಸಾವಿರ ಜನರ ದಂಡು ಸುಟ್ಟುಹೋದಾಗ ಉಳಿದ ಹುದ್ದೆ ಒಂದು ಮದುವೆಯಿಂದ ಹೋಯಿತು; ಒಂದು ಹಾರದಿಂದ ಬಂದಿತ್ತು. ಇದು ಜುನೈದನೊಬ್ಬನ ಕಥೆಯಲ್ಲ, ಅಧಿಪತಿಗಳನ್ನು ನೇಮಿಸುವ ಆ ವ್ಯವಸ್ಥೆಯ ರೀತಿಯೇ ಹೀಗಿತ್ತು.

ಅವನ ನಂತರ ಖೊರಾಸಾನಿನಲ್ಲಿ ಏನಾಯಿತು?

ಅದೇ 734ರಲ್ಲಿ ಹಾರಿಸ್ ಇಬ್ನ್ ಸುರೈಜ್ ಎಂಬ ತಮೀಮ್ ಕುಲದ ನಾಯಕ ಬಂಡೆದ್ದು ಬಲ್ಖ್ ಹಿಡಿದನು. ತುರ್ಗೇಶರ ಬಲ ಮುರಿದದ್ದು 737ರಲ್ಲಿ ಅಸದ್ ಇಬ್ನ್ ಅಬ್ದುಲ್ಲಾನ ಕಾಲದಲ್ಲಿ. ಖಾಗಾನ್ ಸುಲು ಅದರ ಮರುವರ್ಷ ತನ್ನವರಿಂದಲೇ ಕೊಲೆಯಾದನು.

ಈ ವಿವರಗಳೆಲ್ಲ ನಂಬಲರ್ಹವೇ?

ಸಿಂಧ್‌ನ ಭಾಗಕ್ಕೆ ಬಲಾಧುರಿ, ಖೊರಾಸಾನಿನ ಭಾಗಕ್ಕೆ ತಬರಿ ಮುಖ್ಯ ಆಧಾರ. ತಬರಿ ತೀರಿಕೊಂಡದ್ದು 923ರಲ್ಲಿ, ಅಂದರೆ ಘಟನೆಗಳು ನಡೆದು ಸುಮಾರು ಇನ್ನೂರು ವರ್ಷಗಳ ಮೇಲೆ. ಆದರೆ ಅವನು ಬಹುಪಾಲು ಉದ್ಧರಿಸುವುದು ತನಗಿಂತ ಹಿಂದಿನ ಮದಾಇನಿ ಎಂಬ ಇತಿಹಾಸಕಾರ ಕಲೆಹಾಕಿದ ಮಾತುಗಳನ್ನು. ಅವು ಕಣಿವೆಯಲ್ಲಿ ಹೋರಾಡಿದ ಕುಲಗಳೊಳಗೆ ಬಾಯಿಂದ ಬಾಯಿಗೆ ಬಂದವು. ಆದ್ದರಿಂದ ಬಾವುಟ ಹಿಡಿದು ಸತ್ತವರ ಲೆಕ್ಕ, ಯಾರು ಯಾರಿಗೆ ಯಾವ ಬುದ್ಧಿ ಹೇಳಿದರು ಎಂಬ ವಿವರ, ಅಧಿಪತಿಯ ಮುಖಕ್ಕೆ ಹೇಳಿದ ಕಟುಮಾತು ಇವೆಲ್ಲ ಅಚ್ಚಳಿಯದೆ ಉಳಿದಿವೆ; ಜುನೈದನ ಪರವಾಗಿ ಮಾತಾಡುವವರು ಅಲ್ಲಿ ಕಡಿಮೆ. ಅವನ ಪರವಾಗಿ ಉಳಿದದ್ದು ಕವಿಗಳ ದನಿ. ಅವನು ಸತ್ತಾಗ ಅಬುಲ್ ಜುವೈರಿಯಾ ಎಂಬ ಕವಿ, ‘ಜೂದ್’ (ಔದಾರ್ಯ) ಮತ್ತು ‘ಜುನೈದ್’ ಎಂಬ ಎರಡು ಪದಗಳ ನಾದವನ್ನು ಜೋಡಿಸಿ, ಇಬ್ಬರೂ ಒಟ್ಟಿಗೆ ಸತ್ತು ಮರ್ವ್‌ನ ಮಣ್ಣಿನಲ್ಲಿ ಮಲಗಿದ್ದಾರೆ, ಇಬ್ಬರಿಗೂ ಸಲಾಮ್ ಎಂದು ಹಾಡಿದನು. ಕಣಿವೆಯ ವೃತ್ತಾಂತವನ್ನು ಬರೆದಿಟ್ಟ ತಬರಿಯೇ ಈ ಶೋಕಗೀತೆಯನ್ನೂ ಉಳಿಸಿಕೊಟ್ಟಿದ್ದಾನೆ.